ಜಾಗಕ್ಕೆ ಅವರು ಮೊದಲು ಬಂದರು, ಪಾಠ ಇನ್ನೂ ಬಾಕಿ ಇದೆ

ಶೇಂಗಾ ಬೀಜದ ವಿಚಾರ ಮುಂದಿನ ವಾರ ಬರೀತೀನಿ. ಇವತ್ತು ಬಂಡೆ ವಿಚಾರ. ಸಂತೇಲಿ, ಸೊಸೈಟಿ ಹತ್ರ ಸಿಕ್ಕವರೆಲ್ಲ "ನಿಮ್ಮ ಅರೆ ಕೆಲಸ ಏನಾಯ್ತು?" ಅಂತ ಕೇಳ್ತಾನೇ ಇದ್ದೀರಿ. ಒಂದೇ ಮಾತಲ್ಲಿ ಹೇಳಿಬಿಡ್ತೀನಿ: ಊರ ಮುಂದಿನ ಅರೆ ಮೇಲೆ ನಾವು ಮಾಡಬೇಕು ಅಂತಿದ್ದ ಅರ್ಥ್‌ಕ್ಯಾಶ್‌ನ ಬೇರೆ ಯಾರೋ ನಮಗಿಂತ ಮುಂಚೆ ಮಾಡಿಬಿಟ್ಟಿದ್ದಾರೆ. ನಮ್ಮದು ಕರಡು ತಯಾರಾಗಿ ಕೂತಿತ್ತು, ಅಷ್ಟರಲ್ಲಿ ಮ್ಯಾಪಿನಲ್ಲಿ ಅವರ ಗುರುತು ಬಿತ್ತು.

ಇದಕ್ಕೆ ಊರಲ್ಲಿ ಎರಡು ಥರ ಮಾತು ಕೇಳಿ ಬಂತು. ಒಂದು, "ನಮ್ಮ ಬಂಡೆ ಮೇಲೆ ಅವರ ಹೆಸರೇನು, ಕಂಪ್ಲೇಂಟ್ ಕೊಡಿ". ಇನ್ನೊಂದು, "ಹೋಗ್ಲಿ ಬಿಡಿ, ಇನ್ನು ಉಳಿದ ಬಂಡೆಗಳನ್ನಾದ್ರೂ ಈಗಲೇ ಹಿಡ್ಕೊಳ್ಳಿ". ಎರಡೂ ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳೋಕೇ ಇಷ್ಟುದ್ದ ಬರೀತಿರೋದು.

ಗೊತ್ತಿಲ್ಲದವರಿಗೆ ಮೊದಲು ಇದು ಏನು ಅಂತ. 2000ನೇ ಇಸವಿ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರ ಜಿಪಿಎಸ್ ಸಿಗ್ನಲ್ಲಿಗೆ ಬೇಕಂತಲೇ ಸೇರಿಸ್ತಿದ್ದ ತಪ್ಪನ್ನ ನಿಲ್ಲಿಸ್ತು. ಅಲ್ಲಿವರೆಗೆ ಜನಸಾಮಾನ್ಯರ ಕೈಯಲ್ಲಿದ್ದ ಯಂತ್ರ ನೂರು ಮೀಟರ್‌ವರೆಗೂ ಆಚೀಚೆ ತೋರಿಸ್ತಿತ್ತು. ಅದಾದ ಮೇಲೆ ಹತ್ತಿಪ್ಪತ್ತು ಮೀಟರ್ ಒಳಗೆ ಬಂತು. ಮಾರನೇ ದಿನವೇ ಒರೆಗಾನ್ ರಾಜ್ಯದಲ್ಲಿ ಒಬ್ಬರು ಕಾಡಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಅಕ್ಷಾಂಶ ರೇಖಾಂಶ ಬರೆದು, "ಹುಡುಕಿ ನೋಡೋಣ" ಅಂದ್ರು. ಅದೇ ಜಿಯೋಕ್ಯಾಶಿಂಗ್ ಆಟ. ನಾವು ಸಣ್ಣವರಿದ್ದಾಗ ಆಡ್ತಿದ್ದ ಬಚ್ಚಿಟ್ಟು ಹುಡುಕೋ ಆಟವೇ, ಸ್ಯಾಟಲೈಟ್ ಸೇರ್ಕೊಂಡಿದೆ ಅಷ್ಟೆ.

ಅದರಲ್ಲೇ ಒಂದು ಬಗೆ ಅರ್ಥ್‌ಕ್ಯಾಶ್. ಅಮೆರಿಕದ ಭೂವಿಜ್ಞಾನಿಗಳ ಸಂಘ ಇದಕ್ಕೆ ಕೈಜೋಡಿಸಿತು. ಮೊದಲನೆಯದು 2004ರಲ್ಲಿ ಆಸ್ಟ್ರೇಲಿಯಾದಲ್ಲಿ ಆಯ್ತು. ಇದರಲ್ಲಿ ಡಬ್ಬ ಇಲ್ಲ, ಬಚ್ಚಿಡೋದು ಇಲ್ಲ. ಜಾಗವೇ ನಿಧಿ. ಬಂದವರು ಪುಟದಲ್ಲಿರೋ ಪಾಠ ಓದ್ತಾರೆ, ಬಂಡೆ ನೋಡ್ತಾರೆ, ಅಳೀತಾರೆ, ಎರಡು ಮೂರು ಪ್ರಶ್ನೆಗೆ ಉತ್ತರ ಬರೆದು ಪುಟ ಮಾಡಿದವರಿಗೆ ಕಳಿಸ್ತಾರೆ. ಸ್ಥಳಕ್ಕೆ ಹೋಗದೆ ಉತ್ತರ ಸಿಗಬಾರದು. ಒಂದು ಚೂರು ಕಲ್ಲು ಒಡೀಬಾರದು, ಏನೂ ಎತ್ಕೊಂಡು ಹೋಗಬಾರದು. ಜಮೀನು ಯಾರದೋ ಅವರ ಒಪ್ಪಿಗೆ ಬೇಕು. ಹದಿನಾಲ್ಕು ವರ್ಷದ ಹುಡುಗ ಹುಡುಗಿಗೆ ಅರ್ಥ ಆಗೋ ಹಾಗೆ ಬರೀಬೇಕು. ಸ್ಥಳೀಯ ಭಾಷೆಯಲ್ಲಿ ಇರಬೇಕು ಅಂತಲೂ ಮಾರ್ಗಸೂಚಿ ಹೇಳುತ್ತೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ನಮ್ಮ ತಯಾರಿ ಹೀಗಿತ್ತು. ತಮ್ಮನ ಮಗಳು ಭೂವಿಜ್ಞಾನ ಓದ್ತಾಳೆ. "ದೊಡ್ಡಪ್ಪ, ನಮ್ಮ ಅರೆ ಪುಸ್ತಕದಲ್ಲಿರೋ ಚಿತ್ರದ ಹಾಗೇ ಇದೆ" ಅಂತ ಶುರು ಮಾಡಿದ್ದು ಅವಳೇ. ಹುಣಸೆಹಣ್ಣು ಒಣಗಿಸೋ, ರಾಗಿ ಬಡಿಯೋ ಅದೇ ಅರೆ. ರಜಕ್ಕೆ ಬಂದಾಗೆಲ್ಲ ಇಬ್ಬರೂ ಟೇಪು ಹಿಡ್ಕೊಂಡು ಪಟ್ಟೆಗಳನ್ನ ಅಳೆದ್ವಿ. ಬೆಳಗ್ಗೆ, ಮಧ್ಯಾಹ್ನ, ಮಳೆ ಬಂದ ಮೇಲೆ ಫೋಟೋ ತೆಗೆದ್ವಿ. ಪ್ರಶ್ನೆ ಬರೆದ್ವಿ, ಹೈಸ್ಕೂಲ್ ಮಕ್ಕಳನ್ನ ಕರ್ಕೊಂಡು ಹೋಗಿ ಉತ್ತರ ಹೇಳ್ತಾರಾ ಅಂತ ನೋಡಿದ್ವಿ. ಮೂರು ತಿಂಗಳ ಕೆಲಸ. ಮೊದಲು ಮಾಡಿದವರು ಬೆಂಗಳೂರಿನವರಂತೆ, ಒಂದು ಭಾನುವಾರ ಬಂದು ಹೋಗಿದ್ದಾರೆ.

ಹುಡುಗಿಗೆ ಬೇಜಾರಾಗಿದ್ದು ನಿಜ. ನನಗೂ ಆಯ್ತು. ಆದ್ರೆ ಅವರು ಕದ್ದಿಲ್ಲ. ಅರೆ ಇರೋದು ಗೋಮಾಳದಲ್ಲಿ, ನನ್ನ ಪಹಣಿಯಲ್ಲಿ ಇಲ್ಲ. ನಾವು ಮಾಡ್ತಿದ್ದೀವಿ ಅಂತ ಅವರಿಗೆ ಗೊತ್ತಾಗೋ ದಾರಿಯೂ ಇರಲಿಲ್ಲ. ಹಾಗಾಗಿ ಕಂಪ್ಲೇಂಟ್ ಮಾತಿಗೆ ಅರ್ಥ ಇಲ್ಲ.

ಆದ್ರೂ ಒಂದು ವಿಷಯಕ್ಕೆ ಅವರಿಗೆ ಬರೆದ್ವಿ. ಅವರು ಕೊಟ್ಟಿದ್ದ ಕಾಲುದಾರಿ ನೇರವಾಗಿ ಪಕ್ಕದವರ ಈರುಳ್ಳಿ ಮಡಿ ಮೇಲೆ ಹೋಗ್ತಿತ್ತು. ಬೇಸಿಗೆಯಲ್ಲಿ ಬಂದವರಿಗೆ ಅದು ಖಾಲಿ ಬಯಲು, ದಾರಿ ಅನ್ನಿಸುತ್ತೆ. ಮುಂಗಾರಿನಲ್ಲಿ ಅದೇ ಜಾಗದಲ್ಲಿ ಒಂದು ಸಂಸಾರದ ವರ್ಷದ ಅನ್ನ ಇರುತ್ತೆ. ಗಾಡಿ ಜಾಡಿನ ಅಕ್ಷಾಂಶ ರೇಖಾಂಶ ಕಳಿಸಿ, "ಇಲ್ಲಿಂದ ಕರ್ಕೊಂಡು ಬನ್ನಿ, ಹೊಲದ ಬದು ದಾಟಿಸಬೇಡಿ" ಅಂದ್ವಿ. ಎರಡೇ ದಿನದಲ್ಲಿ ಬದಲಾಯಿಸಿದ್ರು, ಥ್ಯಾಂಕ್ಸ್ ಅಂತಲೂ ಬರೆದ್ರು. ಜಗಳಕ್ಕೆ ಹೋಗಿದ್ರೆ ಇಷ್ಟು ಬೇಗ ಆಗ್ತಿತ್ತಾ ಯೋಚಿಸಿ.

ಈಗ ನನ್ನ ಮುಖ್ಯ ಮಾತು. ನಾವು ರೈತರು "ಮೊದಲು ಬಂದವನಿಗೆ" ಅನ್ನೋದನ್ನ ಬೋರ್‌ವೆಲ್ಲಿಂದ ಕಲಿತಿದ್ದೀವಿ. ನಮ್ಮದು ಗಟ್ಟಿಕಲ್ಲಿನ ಸೀಮೆ. ನೀರು ಕಲ್ಲಿನೊಳಗಿನ ಬಿರುಕುಗಳಲ್ಲಿ ಮಾತ್ರ ಇರುತ್ತೆ. ಪಕ್ಕದ ಹೊಲದವನು ಅದೇ ಬಿರುಕಿಗೆ ಮೊದಲು ಕೊರೆಸಿ ಆಳಕ್ಕೆ ಪಂಪ್ ಇಳಿಸಿದ್ರೆ ನಮ್ಮದು ಬತ್ತುತ್ತೆ. ಅವನು ಎತ್ತಿದ ಒಂದೊಂದು ಬಿಂದಿಗೆಯೂ ನಮಗೆ ಕಮ್ಮಿ. ಅದಕ್ಕೇ ಯಾರಾದ್ರೂ ಮೊದಲು ಬಂದ್ರು ಅಂದ ತಕ್ಷಣ ನಮಗೆ ಎದೆ ಧಸಕ್ ಅನ್ನುತ್ತೆ. ಆದ್ರೆ ಪಾಠ ನೀರಿನ ಹಾಗಲ್ಲ ನೋಡಿ. ಅವರು ಹೇಳಿದ್ರು ಅಂತ ಬಂಡೆಯಲ್ಲಿರೋದು ಖರ್ಚಾಗಲ್ಲ.

ನಿಯಮವೂ ಹೆಚ್ಚು ಕಮ್ಮಿ ಹಾಗೇ ಇದೆ. ಡಬ್ಬ ಇಡೋ ಕ್ಯಾಶ್‌ಗಳಾದ್ರೆ ಒಂದಕ್ಕೂ ಇನ್ನೊಂದಕ್ಕೂ 161 ಮೀಟರ್ ಅಂತರ ಇರಲೇಬೇಕು. ಅರ್ಥ್‌ಕ್ಯಾಶ್‌ನಲ್ಲಿ ಡಬ್ಬವೇ ಇಲ್ಲ, ಆ ಅಂತರದ ಲೆಕ್ಕ ಇದಕ್ಕೆ ಬರಲ್ಲ. ಇಲ್ಲಿ ನೋಡೋದು ಪಾಠ. ಅದೇ ಜಾಗದ ಅದೇ ಪಾಠವನ್ನ ಇನ್ನೊಬ್ಬ ಬರೆದ್ರೆ ಪರಿಶೀಲನೆ ಮಾಡೋ ಸ್ವಯಂಸೇವಕರು ಬೇಡ ಅನ್ನಬಹುದು. ಬೇರೆ ಪಾಠ ಇದ್ರೆ ದಾರಿ ತೆರೆದೇ ಇದೆ. ಅಂದ್ರೆ ನಾವು ಸೋತಿರೋದು ಒಂದೇ ಒಂದು ಪಾಠಕ್ಕೆ.

ಹಾಗಂತ ಏನೂ ನಷ್ಟ ಇಲ್ಲ ಅಂತಲೂ ನಾನು ಹೇಳಲ್ಲ. ಮೊದಲು ಬರೆದಿದ್ದೇ ಬಂದವರ ತಲೆಯಲ್ಲಿ ಕೂರುತ್ತೆ. ಅವರ ಪುಟ ಓದಿದೆ. ನೈಸ್ ಕಲ್ಲು ಅಂದ್ರೇನು, ಶಾಖ ಮತ್ತು ಒತ್ತಡದಲ್ಲಿ ಪಟ್ಟೆ ಹೇಗೆ ಮೂಡುತ್ತೆ, ದಕ್ಷಿಣ ಭಾರತದ ಈ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಅಂತ ಹೆಸರು, ವಯಸ್ಸು 300 ಕೋಟಿ ವರ್ಷದ ಹತ್ತಿರ. ಎಲ್ಲ ಸರಿಯಾಗೇ ಇದೆ. ಆದ್ರೆ ಅದೇ ನಾಲ್ಕು ಪ್ಯಾರಾನ ಬೆಂಗಳೂರಿನ ಲಾಲ್‌ಬಾಗ್ ಬಂಡೆಗೂ ಅಂಟಿಸಬಹುದು. ಅಲ್ಲಿರೋದೂ ಇದೇ ಕಲ್ಲು, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಅರೆ ಮೇಲೆ ಮಾತ್ರ ಕಾಣೋದು ಏನು ಅನ್ನೋದು ಆ ಪುಟದಲ್ಲಿ ಇಲ್ಲ. ಮತ್ತೆ ಪೂರ್ತಿ ಇಂಗ್ಲಿಷಿನಲ್ಲಿದೆ. ನಮ್ಮ ಹೈಸ್ಕೂಲ್ ಮಕ್ಕಳು ತಮ್ಮೂರ ಬಂಡೆ ಪಾಠ ಓದೋಕೆ ಡಿಕ್ಷನರಿ ಹಿಡ್ಕೋಬೇಕು.

ಹಾಗಾದ್ರೆ ಆ ಅರೆ ಮತ್ತು ಸುತ್ತಮುತ್ತ ಏನೇನು ಉಳಿದಿದೆ? ಲೆಕ್ಕ ಹಾಕೋಣ ಬನ್ನಿ.

ಒಂದು, ಕರಿಕಲ್ಲಿನ ಗೆರೆ. ಅರೆಯ ಮೂಡಣ ತುದಿಯಲ್ಲಿ ಬಿಳಿ ಬಂಡೆಯನ್ನ ಸೀಳ್ಕೊಂಡು ಹೋಗಿರೋ ಕಪ್ಪು ಪಟ್ಟಿ ಇದೆಯಲ್ಲ, ಅದು ಡೈಕ್. ಮೊದಲೇ ಗಟ್ಟಿಯಾಗಿದ್ದ ಬಂಡೆ ಬಿರುಕು ಬಿಟ್ಟಾಗ ಕೆಳಗಿಂದ ಕರಗಿದ ಕಲ್ಲು ನುಗ್ಗಿ ಆರಿದ್ದು. ಯಾವುದು ಹಳೇದು, ಯಾವುದು ಹೊಸದು ಅಂತ ತಿಳಿಯೋಕೆ ಯಂತ್ರ ಬೇಡ. ನೇಗಿಲ ಸಾಲನ್ನ ಟ್ರ್ಯಾಕ್ಟರ್ ಗಾಲಿ ಗುರುತು ಅಡ್ಡ ಕೊಯ್ದಿದ್ರೆ ಗಾಲಿ ಆಮೇಲೆ ಬಂತು ಅಂತ ನಮಗೆ ಗೊತ್ತು. ಹಾಗೇ ಕೊಯ್ದಿದ್ದು ಹೊಸದು, ಕೊಯ್ಸಿಕೊಂಡಿದ್ದು ಹಳೇದು. ಹೊಸದು ಅಂದ್ರೂ ನಮ್ಮ ಲೆಕ್ಕಕ್ಕೆ ಸಿಗೋ ಹೊಸದಲ್ಲ. ಬೆಂಗಳೂರು ಸುತ್ತಿನ ಇಂಥ ಕೆಲವು ಡೈಕ್‌ಗಳಿಗೇ ಸುಮಾರು 237 ಕೋಟಿ ವರ್ಷ ಅಂತ ಲೆಕ್ಕ ಸಿಕ್ಕಿದೆ. ಇದೇ ಕರಿಕಲ್ಲು ನಮ್ಮ ಬೋರ್‌ವೆಲ್ ಕಥೇಲೂ ಬರುತ್ತೆ. ಕೆಲವು ಕಡೆ ಇದು ನೆಲದೊಳಗೆ ಕಟ್ಟೆಯ ಹಾಗೆ ನಿಂತು ನೀರನ್ನ ಒಂದು ಪಕ್ಕಕ್ಕೆ ತಡೆಯುತ್ತೆ. ಗೆರೆಯ ಈಚೆ ನೀರು, ಆಚೆ ಬರೀ ಧೂಳು ಅಂತ ಅನುಭವ ಇರೋರು ನಿಮ್ಮಲ್ಲೇ ಇದ್ದೀರಿ.

ಎರಡು, ಸಿಪ್ಪೆ ಏಳೋ ಬಂಡೆ. ಗುಂಡುಗಳ ಮೈಯಿಂದ ಹಪ್ಪಳದ ಹಾಗೆ ಪದರ ಕಳಚುತ್ತಲ್ಲ, ಅದಕ್ಕೆ ಭೂವಿಜ್ಞಾನದವರೇ ಈರುಳ್ಳಿ ಸಿಪ್ಪೆ ಶಿಥಿಲತೆ ಅಂತ ಹೆಸರಿಟ್ಟಿದ್ದಾರೆ. ಈರುಳ್ಳಿ ಬೆಳೆಯೋ ಸೀಮೆಯವರು ನಾವು, ಇದನ್ನ ನಮಗಿಂತ ಚೆನ್ನಾಗಿ ಯಾರು ವಿವರಿಸ್ತಾರೆ ಹೇಳಿ.

ಮೂರು, ಕಲ್ಲು ಮಣ್ಣಾಗೋ ದಾರಿ. ಅರೆ ಪಕ್ಕದ ಹಳೇ ಬಾವಿಯ ಗೋಡೆ ನೋಡಿ. ಮೇಲೆ ಒಂದೆರಡು ಅಡಿ ಕೆಮ್ಮಣ್ಣು. ಅದರ ಕೆಳಗೆ ಗರಸು. ಅದರ ಕೆಳಗೆ ಕೈಯಲ್ಲಿ ಹಿಸುಕಿದ್ರೆ ಪುಡಿಯಾಗೋ ಕೊಳೆತ ಕಲ್ಲು. ಅದರಲ್ಲೂ ಬಂಡೆಯ ಪಟ್ಟೆ ಹಾಗೇ ಕಾಣುತ್ತೆ. ಆಮೇಲೆ ಗಟ್ಟಿ ಬಂಡೆ. ನಾವು ಉಳೋ ಮಣ್ಣು ಇದೇ ಬಂಡೆಯ ಮಗು ಅಂತ ಒಂದೇ ನೋಟದಲ್ಲಿ ತೋರಿಸೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ನಾಲ್ಕು, ತಗ್ಗಿನ ಎರೆ ಹೊಲ. ಒಣಗಿದಾಗ ಕೈ ಇಳಿಯೋಷ್ಟು ಬಿರುಕು, ಮಳೆ ಬಿದ್ದಾಗ ಊದಿಕೊಂಡು ಮುಚ್ಚಿಕೊಳ್ಳೋ ಜೇಡಿ. ಅದರೊಳಗೆ ಸುಣ್ಣದ ಹರಳು. ಮಳೆ ಕಮ್ಮಿ ಇರೋ ಸೀಮೆಯಲ್ಲಿ ನೀರಲ್ಲಿ ಕರಗಿದ ಸುಣ್ಣ ಕೆಳಗೆ ಕೊಚ್ಚಿ ಹೋಗದೆ ಮಣ್ಣಲ್ಲೇ ಗಂಟು ಕಟ್ಟೋದು. ಮಾರ್ಚಿನಲ್ಲಿ ಬಂದವರಿಗೂ ಆಗಸ್ಟಿನಲ್ಲಿ ಬಂದವರಿಗೂ ಬೇರೆ ಬೇರೆ ಉತ್ತರ ಸಿಗೋ ಪಾಠ ಇದು. ಭಾನುವಾರ ಒಂದು ದಿನ ಬಂದು ಹೋಗೋರು ಇದನ್ನ ಬರೆಯೋಕೆ ಆಗಲ್ಲ. ವರ್ಷಪೂರ್ತಿ ಇಲ್ಲೇ ಇರೋರು ಬೇಕು.

ನಾಲ್ಕು ಪಾಠ ಇನ್ನೂ ಹಾಗೇ ಇದೆ. ನಾವು ಮೊದಲು ಬಂದಿದ್ರೆ ಬಹುಶಃ ನಾವೂ ಪಟ್ಟೆ ಪಾಠವನ್ನೇ ಹಾಕಿ ಸುಮ್ಮನಾಗ್ತಿದ್ವಿ. ಎಲ್ಲರಿಗೂ ಮೊದಲು ಕಣ್ಣಿಗೆ ಬೀಳೋದು ಅದೇ.

ಈಗ ಎರಡನೇ ಸಲಹೆಗೆ ಬರ್ತೀನಿ, ಉಳಿದ ಬಂಡೆಗಳನ್ನೆಲ್ಲ ಈಗಲೇ ಹಿಡ್ಕೊಳ್ಳಿ ಅನ್ನೋದಕ್ಕೆ. ಇದು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ. ಟವೆಲ್ ಕೂತಿರುತ್ತೆ, ಜನ ನಿಂತಿರ್ತಾರೆ. ಅರ್ಥ್‌ಕ್ಯಾಶ್ ಹಾಕೋದು ಒಂದು ದಿನದ ಕೆಲಸ ಅಲ್ಲ. ಬಂದವರ ಉತ್ತರ ಓದಬೇಕು, ತಪ್ಪಿದ್ರೆ ತಿದ್ದಬೇಕು, ದಾರಿ ಬದಲಾದ್ರೆ ಪುಟ ಬದಲಾಯಿಸಬೇಕು. ಹತ್ತು ಜಾಗ ಹಿಡಿದು ಒಂದನ್ನೂ ನೋಡಿಕೊಳ್ಳದವನಿಗಿಂತ ಒಂದನ್ನ ಸರಿಯಾಗಿ ನೋಡಿಕೊಳ್ಳೋನು ವಾಸಿ. ಆ ಬೆಂಗಳೂರಿನವರು ನಮ್ಮ ಪತ್ರಕ್ಕೆ ಎರಡು ದಿನದಲ್ಲಿ ಉತ್ತರ ಕೊಟ್ರಲ್ಲ, ಆ ಲೆಕ್ಕದಲ್ಲಿ ಅವರು ಒಳ್ಳೇ ಒಕ್ಕಲು.

ಇನ್ನೊಂದು ಕಡೆಯಿಂದಲೂ ಯೋಚನೆ ಮಾಡಿ. ನಮ್ಮ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಲ್ಲು ಇದೆ, ಪಿಲ್ಲೋ ಲಾವಾ ಅಂತಾರೆ. ನೀರಿನ ಕೆಳಗೆ ಜ್ವಾಲಾಮುಖಿ ಉಕ್ಕಿದಾಗ ಲಾವಾದ ಮೇಲ್ಮೈ ತಣ್ಣೀರಿಗೆ ತಾಗಿ ಥಟ್ಟನೆ ಗಟ್ಟಿಯಾಗಿ, ಒಳಗಿನದು ಉಬ್ಬಿ, ದಿಂಬು ಒಟ್ಟಿದ ಹಾಗೆ ಆಗಿದ್ದು. ಈಗ ಮಳೆಗೆ ಮುಗಿಲು ನೋಡೋ ಈ ನೆಲ 250 ಕೋಟಿ ವರ್ಷಕ್ಕೂ ಹಿಂದೆ ನೀರಡಿ ಇತ್ತು ಅನ್ನೋದಕ್ಕೆ ಅದು ಸಾಕ್ಷಿ. ದಿಂಬಿನ ಬೆನ್ನು ಉಬ್ಬಿರುತ್ತೆ, ಕೆಳಭಾಗ ಕೆಳಗಿನೆರಡು ದಿಂಬುಗಳ ಸಂದಿಗೆ ಚೂಪಾಗಿ ಇಳಿದಿರುತ್ತೆ. ಇದನ್ನ ನೋಡಿ ಆವತ್ತು ಮೇಲೆ ಯಾವುದಿತ್ತು, ಕೆಳಗೆ ಯಾವುದಿತ್ತು ಅಂತ ಹೇಳಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನೂ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದೆ. ಹೆದ್ದಾರಿಯಲ್ಲಿ ದಿನಾ ಈರುಳ್ಳಿ ಲಾರಿ ಹತ್ತಿಸ್ಕೊಂಡು ಹೋಗೋ ನಮ್ಮಲ್ಲಿ ಎಷ್ಟು ಜನ ಅಲ್ಲಿ ಇಳಿದು ನೋಡಿದ್ದೀವಿ? ಹೊರಗಿನವರು ಮೊದಲು ಬಂದು ನೋಡ್ತಾರೆ ಅಂತ ಗೊಣಗೋ ಮೊದಲು ಮನೆ ಮಕ್ಕಳನ್ನ ಒಂದು ಸಲ ಕರ್ಕೊಂಡು ಹೋಗಿ.

ಕೊನೆಗೆ, ನನಗೆ ನಿಜವಾಗಿ ಚಿಂತೆ ಇರೋ ವಿಷಯ. ನಮ್ಮ ಸುತ್ತಿನ ಬಂಡೆಗಳಿಗೆ ನಮಗಿಂತ ಮೊದಲು ಬರ್ತಿರೋರು ಫೋನ್ ಹಿಡಿದ ಪ್ರವಾಸಿಗಳಲ್ಲ, ಜಲ್ಲಿ ಕ್ರಷರ್‌ಗಳು. ಪ್ರವಾಸಿ ಬಂದು ಹೋದ ಮೇಲೆ ಬಂಡೆ ಇರುತ್ತೆ. ಕ್ರಷರ್ ಬಂದು ಹೋದ ಮೇಲೆ ಗುಂಡಿ ಇರುತ್ತೆ, ಪಾಠವೂ ಇಲ್ಲ, ಕಣವೂ ಇಲ್ಲ, ಹುಣಸೆಹಣ್ಣು ಒಣಗಿಸೋ ಜಾಗವೂ ಇಲ್ಲ. ರಸ್ತೆಗೆ, ಮನೆಗೆ ಜಲ್ಲಿ ಬೇಕು, ಅದು ನನಗೂ ಗೊತ್ತು. ಅರ್ಥ್‌ಕ್ಯಾಶ್ ಪುಟಕ್ಕೆ ಕಾನೂನಿನ ಬಲ ಇಲ್ಲ, ಅದು ಯಾವ ಬಂಡೆಯನ್ನೂ ತಾನಾಗಿ ಉಳಿಸಲ್ಲ. ಆದ್ರೆ ನಾಳೆ ಗ್ರಾಮಸಭೆಯಲ್ಲಿ "ಈ ಅರೆ ಬರೀ ಕಲ್ಲಲ್ಲ, ಇಲ್ಲಿಗೆ ಕಲಿಯೋಕೆ ಜನ ಬರ್ತಾರೆ, ಇಗೋ ಬಂದವರ ಬರಹ" ಅಂತ ತೋರಿಸೋಕೆ ಏನಾದ್ರೂ ಕೈಯಲ್ಲಿರುತ್ತೆ. ಆ ಹೊತ್ತಲ್ಲಿ ಮೊದಲ ಪುಟ ಯಾರು ಬರೆದದ್ದು ಅಂತ ಯಾರೂ ಕೇಳಲ್ಲ. ಒಂದರ ಬದಲು ಮೂರು ಪುಟ ಇದ್ರೆ ಮಾತಿಗೆ ಇನ್ನೂ ತೂಕ.

ಅದಕ್ಕೇ ನಾವು ಮಾಡಬೇಕು ಅಂತಿರೋದು ಇಷ್ಟು. ಮೊದಲು ಮಾಡಿದವರಿಗೆ ಅವರ ಪಾಠದ ಕನ್ನಡ ರೂಪ ಬರೆದು ಕಳಿಸ್ತಿದ್ದೀವಿ, ಅವರ ಹೆಸರಿನ ಪುಟದಲ್ಲೇ ಹಾಕಿಕೊಳ್ಳಲಿ. ಸ್ಥಳೀಯ ಭಾಷೆ ಬೇಕು ಅಂತ ನಿಯಮವೇ ಇರೋವಾಗ ಬೇಡ ಅನ್ನಲ್ಲ ಅಂತ ನಂಬಿದ್ದೀನಿ. ನಮ್ಮ ಪುಟಕ್ಕೆ ಪಟ್ಟೆ ಬಿಟ್ಟು ಕರಿಕಲ್ಲಿನ ಗೆರೆ ತಗೊಂಡಿದ್ದೀವಿ. ಹುಡುಗಿ ಪ್ರಶ್ನೆ ಹೊಸದಾಗಿ ಬರೀತಿದ್ದಾಳೆ: ಗೆರೆಯ ಅಗಲ ಎಷ್ಟು ಹೆಜ್ಜೆ, ಅಂಚಿನ ಕಲ್ಲು ನುಣುಪೋ ನಡುವಿನದು ನುಣುಪೋ, ಯಾಕೆ? ಅಂಚು ಬೇಗ ಆರಿದ್ದರಿಂದ ಅಲ್ಲಿ ಹರಳು ಸಣ್ಣ, ನಡುವೆ ನಿಧಾನವಾಗಿ ಆರಿದ್ದರಿಂದ ದಪ್ಪ. ಉತ್ತರ ಇಲ್ಲೇ ಹೇಳಿಬಿಟ್ಟೆ, ಪರವಾಗಿಲ್ಲ, ನೀವೆಲ್ಲ ಮನೆಯವರು. ಅಗಲ ಮಾತ್ರ ನೀವೇ ಹೋಗಿ ಅಳೆಯಿರಿ.

ನಿಮ್ಮಿಂದ ಒಂದು ಸಹಾಯ ಬೇಕು. ಮೂರನೇ ಪಾಠಕ್ಕೆ ಅರೆ ಪಕ್ಕದ ಬಾವಿಯ ದಂಡೆ ಕುಸೀತಾ ಇದೆ, ಜನರನ್ನ ಅಲ್ಲಿಗೆ ಕಳಿಸೋಕೆ ಧೈರ್ಯ ಬರ್ತಿಲ್ಲ. ನಿಮ್ಮ ಹೊಲದಲ್ಲಿ ಬತ್ತಿದ ತೆರೆದ ಬಾವಿ ಇದ್ದು, ಕಟ್ಟೆ ಗಟ್ಟಿ ಇದ್ದು, ಒಳಗೆ ಇಳಿಯದೆ ಮೇಲಿಂದಲೇ ಮಣ್ಣು, ಗರಸು, ಕೊಳೆತ ಕಲ್ಲು, ಬಂಡೆ ನಾಲ್ಕೂ ಕಾಣೋ ಹಾಗಿದ್ರೆ ತಿಳಿಸಿ. ಜಮೀನು ನಿಮ್ಮದು, ನೀವು ಒಪ್ಪಿದ್ರೆ ಮಾತ್ರ. ಬಿತ್ತನೆ ದಿನಗಳಲ್ಲಿ ಬರಬೇಡಿ ಅಂತಿದ್ರೆ ಅದನ್ನೂ ಪುಟದಲ್ಲಿ ಬರೀತೀವಿ. ಮುಂಗಾರಿಗೆ ಮುಂಚೆ ಬಂದು ನೋಡಿ ಅಳೆದುಕೊಂಡು ಹೋಗ್ತೀವಿ. ಪುಟ ನಿಮ್ಮ ಮನೆ ಮಕ್ಕಳ ಹೆಸರಲ್ಲೇ ಆಗ್ಲಿ ಅಂದ್ರೆ ಇನ್ನೂ ಸಂತೋಷ, ಹೇಗೆ ಮಾಡೋದು ಅಂತ ನಮ್ಮ ಹುಡುಗಿ ಕೂತು ಹೇಳಿಕೊಡ್ತಾಳೆ.